ಎರಡು ಕಂಟ್ರೋಲರ್‌ಗಳ ಸ್ಟೋರೇಜ್‌ಗೆ ಯಾವ ಕಾವಲು? ಹಾಸನದಲ್ಲಿ ಮಾಡಿ ನೋಡಿದ ಹೋಲಿಕೆ

ಎರಡು ಕಂಟ್ರೋಲರ್‌ಗಳಿರುವ (ಡಿಸ್ಕ್‌ಗಳನ್ನು ನಡೆಸುವ ಮಿದುಳು ಎನ್ನಿ) ಸ್ಟೋರೇಜ್ ಸರ್ವರ್‌ನಲ್ಲಿ ಒಂದು ಕೆಟ್ಟು ಕುಳಿತರೂ ಬಳಸುವವರಿಗೆ ಸುಳಿವು ಸಿಗುವುದಿಲ್ಲ. ಅಷ್ಟು ದುಡ್ಡು ಕೊಟ್ಟು ತರುವುದೇ ಅದಕ್ಕಾಗಿ. ನನ್ನನ್ನು ಹೆದರಿಸುವುದೂ ಅದೇ. ಎಲ್ಲವೂ ನಡೆಯುತ್ತಿದೆ ಎಂದುಕೊಂಡು ವಾರಗಟ್ಟಲೆ ಒಂಟಿ ಕಂಟ್ರೋಲರ್ ಮೇಲೆ ದಿನ ದೂಡಬಹುದು. ಆದ್ದರಿಂದ ಹಸಿರು ದೀಪ ತೋರಿಸುವ ಸಾಫ್ಟ್‌ವೇರ್ ನನಗೆ ಸಾಲದು. ಇನ್ನೊಂದು ಪೆಟ್ಟು ಬಿದ್ದರೆ ತಾಳುವ ಶಕ್ತಿ ಉಳಿದಿದೆಯೇ ಎಂದು ಅದು ಹೇಳಬೇಕು.

ನಾನು ಕೆಲಸ ಮಾಡುವುದು ಹಾಸನದ ಒಂದು ಕಾಫಿ ಕ್ಯೂರಿಂಗ್ ಘಟಕದಲ್ಲಿ. ಕೊಯ್ಲಿನ ಕಾಲದಲ್ಲಿ ಸಕಲೇಶಪುರ, ಆಲೂರು, ಮೂಡಿಗೆರೆ ಕಡೆಯಿಂದ ಪಾರ್ಚ್‌ಮೆಂಟ್ ಮತ್ತು ಚೆರ್ರಿ ಹೊತ್ತ ಲಾರಿಗಳು ಸಾಲುಗಟ್ಟುತ್ತವೆ. ತೂಕ, ತೇವಾಂಶ, ಔಟ್‌ಟರ್ನ್ (ಸಂಸ್ಕರಿಸಿದ ಮೇಲೆ ಸಿಗುವ ಕಾಳಿನ ಪ್ರಮಾಣ), ಗ್ರೇಡ್ ಎಲ್ಲವೂ ಡೇಟಾಬೇಸಿಗೆ ಹೋಗಬೇಕು. ಅದು ನಿಂತರೆ ಬೆಳೆಗಾರರು ಅಂಗಳದಲ್ಲೇ ಕಾಯಬೇಕಾಗುತ್ತದೆ. ಹಾಗಾಗಿ ಮೂರು ಬಗೆಯ ಕಾವಲನ್ನು ಒಂದೇ ಸ್ಟೋರೇಜ್ ಪೆಟ್ಟಿಗೆಯ ಮೇಲೆ ಜೊತೆಜೊತೆಗೆ ಓಡಿಸಿದೆವು: ಪೆಟ್ಟಿಗೆಯ ಜೊತೆಗೇ ಬರುವ ವೆಬ್ ಪುಟ, ಯಂತ್ರಗಳನ್ನು ಕಾಯುವ ಸಾಫ್ಟ್‌ವೇರ್ ಜಾಬಿಕ್ಸ್, ಮತ್ತು ಚಿತ್ರ ಬಿಡಿಸುವ ಗ್ರಫಾನಾ ಜೋಡಿಸಿದ, ಅಂಕಿ ಸಂಗ್ರಹಿಸುವ ಪ್ರೊಮಿಥಿಯಸ್. ಕೆಲಸವಿಲ್ಲದ ಭಾನುವಾರಗಳಲ್ಲಿ ಆಡಳಿತದ ಒಪ್ಪಿಗೆ ಪಡೆದು, ಬ್ಯಾಕಪ್ ಸರಿಯಿದೆಯೆಂದು ಖಚಿತಪಡಿಸಿಕೊಂಡು, ಕೇಬಲ್ ಕಿತ್ತೆವು, ಪವರ್ ಸಪ್ಲೈ ತೆಗೆದೆವು, ಕೊನೆಗೆ ಒಂದು ಕಂಟ್ರೋಲರನ್ನೇ ಹೊರಗೆಳೆದೆವು.

ಪೆಟ್ಟಿಗೆಯ ವೆಬ್ ಪುಟಕ್ಕೆ ತನ್ನ ಒಡಲಿನ ಬಗ್ಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಕ್ಯಾಶ್ (ಡಿಸ್ಕಿಗೆ ಹೋಗುವ ಮುನ್ನ ಬರಹ ತಂಗುವ ವೇಗದ ಮೆಮೊರಿ) ಬ್ಯಾಟರಿಯ ಸ್ಥಿತಿ, ಎರಡೂ ಕಂಟ್ರೋಲರ್‌ಗಳ ನಡುವೆ ಕ್ಯಾಶ್ ಪ್ರತಿ ಆಗುತ್ತಿದೆಯೇ ಎಂಬುದು, ಫರ್ಮ್‌ವೇರ್ (ಪೆಟ್ಟಿಗೆಯೊಳಗಿನ ಮೂಲ ಸಾಫ್ಟ್‌ವೇರ್) ಹೊಂದಾಣಿಕೆ ಎಲ್ಲವೂ ಅಲ್ಲಿವೆ. ಆದರೆ ಯಾರಾದರೂ ತೆರೆದು ನೋಡಿದರೆ ಮಾತ್ರ. ಇಮೇಲ್ ಎಚ್ಚರಿಕೆ ಒಮ್ಮೆ ಬರುತ್ತದೆ, ಓದಿದರೋ ಇಲ್ಲವೋ ಎಂದು ಮತ್ತೆ ಕೇಳುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ: ಅನೇಕ ಕಚೇರಿಗಳಲ್ಲಿ ಮೇಲ್ ಸರ್ವರ್ ಕೂಡ ಅದೇ ಸ್ಟೋರೇಜ್ ಮೇಲೆ ಕುಳಿತಿರುತ್ತದೆ. ಸ್ಟೋರೇಜ್ ಬಿದ್ದಾಗ ಸುದ್ದಿ ಹೊರಡುವ ದಾರಿಯೂ ಮುಚ್ಚುತ್ತದೆ.

ಜಾಬಿಕ್ಸ್ ಎಸ್‌ಎನ್‌ಎಂಪಿ ಎಂಬ, ಜಾಲದ ಸಾಧನಗಳ ಸ್ಥಿತಿ ಕೇಳುವ ವಿಧಾನದ ಮೂಲಕ ತಾನೇ ಹೋಗಿ ವಿಚಾರಿಸುತ್ತದೆ. ಪೆಟ್ಟಿಗೆ ತಾನಾಗಿ ಕಳಿಸುವ ಟ್ರ್ಯಾಪ್‌ಗಳನ್ನೂ ಕೇಳಿಸಿಕೊಳ್ಳುತ್ತದೆ. ಟ್ರ್ಯಾಪ್ ಒಂದನ್ನೇ ನೆಚ್ಚಿಕೊಳ್ಳಬೇಡಿ. ಅದು ಯುಡಿಪಿ 162ನೇ ಪೋರ್ಟ್‌ಗೆ ಬರುವ, ಸ್ವೀಕೃತಿ ಇಲ್ಲದ ಸಂದೇಶ. ದಾರಿಯಲ್ಲಿ ಕಳೆದುಹೋದರೆ ಕಳಿಸಿದವರಿಗೂ ತಿಳಿಯದು. ಕಂಟ್ರೋಲರ್ ಎಳೆದಾಗ ಮೊದಲು ಬಂದದ್ದು ಎಚ್ಚರಿಕೆಗಳ ಪ್ರವಾಹ. ಫ್ಯಾನ್ ಇಲ್ಲ, ಪೋರ್ಟ್ ಇಲ್ಲ, ತಾಪಮಾನ ಇಲ್ಲ ಎಂದು ಮೊಬೈಲ್ ನಿಲ್ಲದೆ ಬಡಿದುಕೊಂಡಿತು. ಟ್ರಿಗರ್‌ಗಳ (ಎಚ್ಚರಿಕೆ ಹೊರಡಿಸುವ ನಿಯಮಗಳ) ನಡುವೆ ಅವಲಂಬನೆ ಬರೆದ ಮೇಲೆ "ಕಂಟ್ರೋಲರ್ ಎ ಇಲ್ಲ" ಎಂಬ ಒಂದೇ ಸಂದೇಶ ಉಳಿಯಿತು. ಯಾರಾದರೂ ಒಪ್ಪಿಕೊಳ್ಳುವವರೆಗೆ ಅದು ಮೇಲಿನವರಿಗೆ ಏರುತ್ತಲೇ ಹೋಗುವಂತೆ ಮಾಡಬಹುದು. ರಾತ್ರಿ ಪಾಳಿಯಲ್ಲಿ ಒಬ್ಬರೇ ಇರುವ ನಮ್ಮಂಥ ಕಡೆ ಈ ಒಂದು ಗುಣಕ್ಕೇ ನನ್ನ ಮತ. ಎರಡೂ ಕಂಟ್ರೋಲರ್‌ಗಳ ನಿರ್ವಹಣಾ ವಿಳಾಸಗಳನ್ನು ಬೇರೆಬೇರೆಯಾಗಿ ಸೇರಿಸುವುದನ್ನು ಮರೆಯಬಾರದು. ಒಂದನ್ನೇ ಕೇಳುತ್ತಿದ್ದರೆ ಇನ್ನೊಂದರ ಸಾವು ಕಣ್ಣಿಗೆ ಬೀಳದೇ ಹೋಗಬಹುದು.

ಪ್ರೊಮಿಥಿಯಸ್‌ನ ಸೊಗಸು ಲೆಕ್ಕದಲ್ಲಿದೆ. ಇಂಥ ಪೆಟ್ಟಿಗೆಯಲ್ಲಿ ಎರಡೂ ಕಂಟ್ರೋಲರ್‌ಗಳು ಕೆಲಸ ಹಂಚಿಕೊಂಡಾಗ ತಲಾ 70 ಶೇಕಡಾ ದುಡಿಯುತ್ತಿದ್ದರೆ, ನೋಡಲು ಎಲ್ಲವೂ ಚೆನ್ನಾಗಿಯೇ ಇರುತ್ತದೆ. ಒಂದು ಬಿದ್ದ ಕ್ಷಣ ಉಳಿದದ್ದರ ಹೆಗಲಿಗೆ 140 ಬೀಳುತ್ತದೆ. ಆದ್ದರಿಂದ ಎರಡರ ಮೊತ್ತವನ್ನು ಕೂಡಿಸಿ ನೋಡಬೇಕು, ಅದು 80 ದಾಟಿದರೆ ಎಚ್ಚರಿಸಬೇಕು ಎಂಬುದು ನಮ್ಮ ನಿಯಮ. ಅದರ ಪ್ರಶ್ನೆಭಾಷೆ ಪ್ರಾಮ್‌ಕ್ಯೂಎಲ್‌ನಲ್ಲಿ ಇದು ಒಂದು ಸಾಲಿನ ಕೆಲಸ. ಜಾಬಿಕ್ಸ್‌ನಲ್ಲೂ ಆಗುತ್ತದೆ, ಆದರೆ ಬರೆಯುವ ಕೈಗೆ ಅಷ್ಟು ಹಗುರವಲ್ಲ.

ಆದರೂ ಪ್ರೊಮಿಥಿಯಸ್ ಬಳಸುವವರು ಒಂದು ಸಂಗತಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. "ಕಂಟ್ರೋಲರ್ ಸ್ಥಿತಿ 1 ಅಲ್ಲದಿದ್ದರೆ ಕೂಗು" ಎಂದು ನಿಯಮ ಬರೆದಿರುತ್ತೇವೆ. ಕಂಟ್ರೋಲರ್ ಪೂರ್ತಿ ಸತ್ತಾಗ ಆ ಅಂಕಿಯೇ ಬರುವುದಿಲ್ಲ. ಹೋಲಿಸಲು ಏನೂ ಇಲ್ಲದ್ದರಿಂದ ನಿಯಮ ಸುಮ್ಮನಾಗುತ್ತದೆ. ಕೆಟ್ಟದ್ದು ತೀರಾ ಕೆಟ್ಟಾಗ ಮೌನ! ಇದನ್ನು ತಡೆಯಲು, ಸಂಪರ್ಕ ಸಿಕ್ಕಿತೇ ಎಂದು ಹೇಳುವ "ಅಪ್" ಅಂಕಿ ಸೊನ್ನೆಯೇ ಎಂದು ನೋಡುವ, ಅಂಕಿ ಕಾಣೆಯಾದರೆ "ಆಬ್ಸೆಂಟ್" ಫಂಕ್ಷನ್ ಮೂಲಕ ಕೂಗುವ ನಿಯಮಗಳನ್ನು ಪ್ರತ್ಯೇಕವಾಗಿ ಬರೆಯಬೇಕು. ಜಾಬಿಕ್ಸ್‌ನಲ್ಲಿಯೂ ಅಂಕಿ ಬಾರದಿದ್ದನ್ನು ಹಿಡಿಯುವ "ನೋಡೇಟಾ" ಬೇಕು, ಆದರೆ ಎಸ್‌ಎನ್‌ಎಂಪಿ ಸಂಪರ್ಕ ತಪ್ಪಿದ್ದನ್ನು ಹೇಳುವ ಟ್ರಿಗರ್ ಅದರ ಸಿದ್ಧ ಟೆಂಪ್ಲೇಟ್‌ಗಳಲ್ಲೇ ಸಿಗುತ್ತದೆ. ಇನ್ನು ದಾಖಲೆಯ ಆಯಸ್ಸು: ಪ್ರೊಮಿಥಿಯಸ್ ಹಾಗೇ ಬಿಟ್ಟರೆ 15 ದಿನಗಳ ಅಂಕಿ ಮಾತ್ರ ಇಟ್ಟುಕೊಳ್ಳುತ್ತದೆ, ಜಾಬಿಕ್ಸ್ ಗಂಟೆವಾರು ಸಾರಾಂಶವನ್ನು 365 ದಿನ ಇಡುತ್ತದೆ. ಹೋದ ಕೊಯ್ಲಿನ ಹೊರೆಯನ್ನು ಈ ಕೊಯ್ಲಿನೊಂದಿಗೆ ಹೋಲಿಸುವವರಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಮೂರರಲ್ಲಿ ಯಾವುದನ್ನು ಆರಿಸಿದರೂ ಪೆಟ್ಟಿಗೆಯನ್ನು ಮಾತ್ರ ನೋಡಿದರೆ ಅರ್ಧ ಕಾವಲು. ಕೇಬಲ್ ಕಿತ್ತ ದಿನ ಎರಡೂ ಕಂಟ್ರೋಲರ್‌ಗಳು ಆರೋಗ್ಯವಾಗಿಯೇ ಇದ್ದವು, ಆದರೆ ಲಿನಕ್ಸ್ ಸರ್ವರ್‌ನ ಮಲ್ಟಿಪಾತ್ ಪಟ್ಟಿಯಲ್ಲಿ (ಸ್ಟೋರೇಜ್‌ಗೆ ಇರುವ ಹಲವು ದಾರಿಗಳ ಪಟ್ಟಿ) ಒಂದು ದಾರಿ ಕಡಿದಿತ್ತು. ಆ ದಾರಿಗಳ ಎಣಿಕೆಯನ್ನು ಪ್ರತಿ ಸರ್ವರ್‌ನಿಂದಲೂ ಕಾವಲಿಗೆ ಕಳಿಸುವಂತೆ ಸ್ಕ್ರಿಪ್ಟ್ ಹಾಕಿದ್ದೇವೆ. ಐಸ್ಕಸಿ (iSCSI, ಜಾಲದ ಮೂಲಕ ಸ್ಟೋರೇಜ್ ಜೋಡಿಸುವ ವಿಧಾನ) ಬಳಸುವವರು ಸಂಪರ್ಕ ಮರಳಲೆಂದು ಕಾಯುವ ಅವಧಿಯನ್ನೂ ನೋಡಿಕೊಳ್ಳಿ. ಲಿನಕ್ಸ್‌ನಲ್ಲಿ ಅದು ಮೊದಲೇ 120 ಸೆಕೆಂಡ್ ಎಂದಿರುತ್ತದೆ. ಬದಲಿ ದಾರಿ ಸಿದ್ಧವಿರುವಾಗ ಡೇಟಾಬೇಸ್ ಅಷ್ಟು ಹೊತ್ತು ಉಸಿರು ಹಿಡಿದು ನಿಲ್ಲುವ ಅಗತ್ಯವಿಲ್ಲ.

ಇನ್ನೊಂದು ಲಕ್ಷಣ ಗಮನಿಸಿ. ಕಂಟ್ರೋಲರ್ ಒಂದು ಹೋದಾಗ ಅನೇಕ ಪೆಟ್ಟಿಗೆಗಳು ಕ್ಯಾಶ್‌ನಲ್ಲಿ ಬರೆದು ಉತ್ತರಿಸುವುದನ್ನು ಬಿಟ್ಟು ನೇರ ಡಿಸ್ಕಿಗೆ ಬರೆಯತೊಡಗುತ್ತವೆ. ಬ್ಯಾಟರಿ ಸೋತಾಗಲೂ ಹಾಗೆಯೇ. ಬರೆಯುವ ವಿಳಂಬ ಇದ್ದಕ್ಕಿದ್ದಂತೆ ಏರಿದರೆ, ಹೊರೆ ಹೆಚ್ಚಾಗಿದೆ ಎಂದು ತೀರ್ಮಾನಿಸುವ ಮೊದಲು ಕ್ಯಾಶ್ ಸ್ಥಿತಿ ನೋಡಬೇಕು. ಗ್ರಫಾನಾದ ಚಿತ್ರದಲ್ಲಿ ಈ ಏರಿಕೆ ಗೋಡೆಯಂತೆ ಎದ್ದು ಕಾಣುತ್ತದೆ.

ಈಗ ನಮ್ಮಲ್ಲಿ ಕೂಗುವ ಕೆಲಸ ಜಾಬಿಕ್ಸ್‌ನದು, ಹೊರೆಯ ಲೆಕ್ಕ ಪ್ರೊಮಿಥಿಯಸ್‌ನದು, ಫರ್ಮ್‌ವೇರ್ ಮತ್ತು ಫೇಲ್‌ಬ್ಯಾಕ್ (ಸರಿಯಾದ ಕಂಟ್ರೋಲರ್‌ಗೆ ಹೊರೆಯನ್ನು ಮರಳಿಸುವುದು) ಪೆಟ್ಟಿಗೆಯ ಸ್ವಂತ ಪುಟದಿಂದ. ಒಂದನ್ನೇ ಇಟ್ಟುಕೊಳ್ಳುವ ಶಕ್ತಿಯಿರುವವರಿಗೆ ಜಾಬಿಕ್ಸ್ ಎನ್ನುತ್ತೇನೆ. ಅದು ಓಡುವುದು ಈ ಸ್ಟೋರೇಜ್‌ಗೆ ಸಂಬಂಧವೇ ಇಲ್ಲದ ಒಂದು ಸಣ್ಣ ಕಂಪ್ಯೂಟರ್‌ನಲ್ಲಿ, ಬೇರೆ ಯುಪಿಎಸ್ ಮೇಲೆ, ಮೊಬೈಲ್ ಡಾಂಗಲ್ ಸಹಿತ. ಮಳೆಗಾಲದಲ್ಲಿ ಕರೆಂಟ್ ಕಣ್ಣುಮುಚ್ಚಾಲೆ ಆಡುವ ಊರಿನಲ್ಲಿ ಇದು ಬೇಕೇ ಬೇಕು. ಪೆಟ್ಟಿಗೆಯ ಎರಡು ಪವರ್ ಸಪ್ಲೈಗಳನ್ನೂ ಎರಡು ಬೇರೆ ಯುಪಿಎಸ್‌ಗಳಿಗೆ ಕೊಟ್ಟಿದ್ದೇವೆ. ಫೇಲ್‌ಬ್ಯಾಕ್ ಅನ್ನು ತಾನಾಗಿ ಆಗಲು ಬಿಟ್ಟಿಲ್ಲ. ಸಡಿಲ ಕೇಬಲ್ ಒಂದಿದ್ದರೆ ಹೊರೆ ಅತ್ತಿಂದಿತ್ತ ಜಿಗಿಯುತ್ತಲೇ ಇರುತ್ತದೆ. ಕಾರಣ ಕಂಡುಕೊಂಡ ಮೇಲೆ ಕೈಯಾರೆ ಮರಳಿಸುತ್ತೇವೆ. ಜೂನ್ ಮಳೆಗೆ ಮುಂಚೆ ಒಮ್ಮೆ, ಕೊಯ್ಲಿಗೆ ಮುಂಚೆ ಒಮ್ಮೆ ಕಂಟ್ರೋಲರ್ ಬದಲಾವಣೆಯನ್ನು ಬೇಕೆಂದೇ ಮಾಡಿ ನೋಡುತ್ತೇವೆ, ಎಚ್ಚರಿಕೆ ಯಾರ ಮೊಬೈಲಿಗೆ ಬಂತು ಎಂಬುದನ್ನು ಪುಸ್ತಕದಲ್ಲಿ ಬರೆದಿಡುತ್ತೇವೆ.