230 ವ್ಯಾಟ್ ಒರಿಜಿನಲ್ ಲ್ಯಾಪ್‌ಟಾಪ್ ಚಾರ್ಜರ್: ಕಾರವಾರದ ಉಪ್ಪುಗಾಳಿಯಲ್ಲಿ ಬಳಸಿದ ಮೇಲೆ

ದುಡ್ಡು ಜಾಸ್ತಿ. ಆದರೂ ಗೇಮ್ ಆಡುವವರಾದರೆ ಒರಿಜಿನಲ್ಲೇ ತಗೊಳ್ಳಿ. ಬರೀ ಆಫೀಸ್ ಕೆಲಸಕ್ಕೆ, ಸಿನಿಮಾ ನೋಡೋದಕ್ಕೆ ಅಷ್ಟು ಸುರಿಯಬೇಕಾಗಿಲ್ಲ, ಅದನ್ನು ಕೆಳಗೆ ಹೇಳ್ತೇನೆ.

ನನ್ನ ಲ್ಯಾಪ್‌ಟಾಪಿಗೆ ಬೇಕಾದದ್ದು 19.5 ವೋಲ್ಟ್, 11.8 ಆಂಪ್. ಗುಣಿಸಿದರೆ 230 ವ್ಯಾಟ್. ಜೊತೆಗೆ ಬಂದ ಚಾರ್ಜರ್ ಕಳೆದ ವರ್ಷ ಮಳೆಗಾಲ ಶುರುವಾದಾಗ, ಕರೆಂಟು ಹೋಗೋದು ಬರೋದು ನಡೆದಿತ್ತಲ್ಲ, ಆಗ ಸತ್ತಿತು. ಪೇಟೆಯಲ್ಲಿ ಕೇಳಿದರೆ "ಪಿನ್ ಕೂತರೆ ಆಯ್ತಲ್ಲ ಸರ್" ಅಂತ 180 ವ್ಯಾಟಿನದೊಂದು ತೆಗೆದುಕೊಟ್ಟರು. ಪಿನ್ ಕೂತಿತು, ಲೈಟೂ ಹತ್ತಿತು. ಅಲ್ಲೇ ಕೌಂಟರ್ ಮೇಲೆ ಗೇಮ್ ಹಾಕಿ ನೋಡಿದೆ: ಚಾರ್ಜರ್ ಸಿಕ್ಕಿಸಿಯೇ ಇದೆ, ಬ್ಯಾಟರಿ ಮಾತ್ರ ಇಳೀತಾನೇ ಇದೆ. ಸಾಲದ ವ್ಯಾಟನ್ನು ಲ್ಯಾಪ್‌ಟಾಪ್ ಬ್ಯಾಟರಿಯಿಂದ ಎಳೆದುಕೊಳ್ಳುತ್ತದೆ, ಅದೂ ಮುಗಿದರೆ ಪ್ರೊಸೆಸರ್, ಗ್ರಾಫಿಕ್ಸ್ ಎರಡರ ವೇಗವನ್ನೂ ಇಳಿಸಿಬಿಡುತ್ತದೆ. ವಾಪಸ್ ಕೊಟ್ಟು ಬಂದೆ.

ವೋಲ್ಟ್ ಹಳೆಯದರಷ್ಟೇ ಇರಬೇಕು. ಆಂಪ್ ಅಷ್ಟೇ ಇರಲಿ, ಜಾಸ್ತಿ ಇದ್ದರೂ ತೊಂದರೆ ಇಲ್ಲ, ಲ್ಯಾಪ್‌ಟಾಪ್ ತನಗೆ ಬೇಕಾದಷ್ಟೇ ತಗೊಳ್ಳುತ್ತದೆ. ಆದರೆ ಇಷ್ಟಕ್ಕೇ ಮುಗಿಯಲಿಲ್ಲ. ಕೆಲವು ಕಂಪನಿಗಳ ಪಿನ್ನಿನ ನಡುವೆ ಸೂಜಿಯಂಥ ಇನ್ನೊಂದು ಕಡ್ಡಿ ಇರುತ್ತದೆ ನೋಡಿ, ಚಾರ್ಜರ್ ಎಷ್ಟು ವ್ಯಾಟಿನದು ಅಂತ ಲ್ಯಾಪ್‌ಟಾಪಿಗೆ ತಿಳಿಯೋದು ಅದರಿಂದಲೇ. ಕಳಪೆ ಲೋಕಲ್ ಮಾಲಿನಲ್ಲಿ ಅದು ಸರಿ ಕೆಲಸ ಮಾಡದಿದ್ದರೆ ವ್ಯಾಟ್ ಎಷ್ಟಿದ್ದೂ ಪ್ರಯೋಜನ ಇಲ್ಲ. ಗುರುತು ಸಿಗದ ಚಾರ್ಜರ್ ಅಂತ ಮೆಸೇಜ್ ಬರುತ್ತದೆ, ಗೇಮ್ ತೆವಳುತ್ತದೆ.

ಲೇಬಲ್ಲನ್ನೂ ಓದಿ. ಒಂದು ಅಂಗಡಿಯಲ್ಲಿ ದಪ್ಪಕ್ಷರದಲ್ಲಿ 230 ವ್ಯಾಟ್ ಅಂತಿತ್ತು, ಕೆಳಗೆ ಸಣ್ಣಕ್ಷರದಲ್ಲಿ 19.5 ವೋಲ್ಟ್, 9.23 ಆಂಪ್! ಗುಣಿಸಿದರೆ 180. ಬಿಐಎಸ್, ಅಂದರೆ ಸರ್ಕಾರದ ಗುಣಮಟ್ಟ ಸಂಸ್ಥೆಯ ಗುರುತಿನ ಜೊತೆ 'ಆರ್' ಅಂತ ಶುರುವಾಗುವ ನಂಬರ್ ಇರಲೇಬೇಕು, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾರ ಹೆಸರಲ್ಲಿದೆ ಅಂತ ಬರುತ್ತದೆ.

ಕೊನೆಗೆ ಹಳೆಯದರ ಪಾರ್ಟ್ ನಂಬರ್ ಕೊಟ್ಟು ಹುಬ್ಬಳ್ಳಿಯಿಂದ ತರಿಸಿದೆ. ಅರಬೈಲ್ ಘಟ್ಟ ಇಳಿದು ಬರೋದಕ್ಕೆ ತಡವಾಯ್ತು, ಬೆಲೆಯೂ ಲೋಕಲ್‌ನ ಮೂರು ಪಟ್ಟು. ಇಟ್ಟಿಗೆಯಷ್ಟು ದೊಡ್ಡದು, ಬ್ಯಾಗಲ್ಲಿ ಹೊರೋದು ಶಿಕ್ಷೆ. ಭಾರೀ ಗೇಮ್ ಹಾಕಿದರೆ ಕೈ ಇಡಲಾಗದಷ್ಟಲ್ಲ, ಆದರೂ ಚೆನ್ನಾಗೇ ಬಿಸಿಯಾಗುತ್ತದೆ. ಹಾಸಿಗೆ ಮೇಲೆ ಇಡಬೇಡಿ, ನೆಲದ ಟೈಲ್ಸ್ ಮೇಲೆ ಇರಲಿ.

ನಮ್ಮ ಮನೆ ಕೋಡಿಬಾಗದಲ್ಲಿ, ಕಿಟಕಿ ತೆಗೆದರೆ ಸಮುದ್ರದ ಗಾಳಿ. ಸಂಜೆ ವೋಲ್ಟೇಜ್ ಇಳಿಯುತ್ತದೆ, ಸ್ಟೆಬಿಲೈಸರ್ ಹಾಕಿ ಅಂತ ಎಲ್ಲರದ್ದೂ ಉಪದೇಶ. ಸುಮ್ನೆ ಖರ್ಚು. ಚಾರ್ಜರ್ ಮೇಲೆ 100ರಿಂದ 240 ವೋಲ್ಟ್ ಅಂತ ಬರೆದಿದ್ದರೆ ಕಡಿಮೆ ವೋಲ್ಟೇಜ್ ಅದಕ್ಕೆ ಲೆಕ್ಕವೇ ಅಲ್ಲ. ಭಯ ಇರೋದು ಕರೆಂಟು ವಾಪಸ್ ಬರುವಾಗಿನ ಏಟಿಗೆ, ಸಿಡಿಲಿಗೆ. ನಾನು ಸರ್ಜ್ ಪ್ರೊಟೆಕ್ಟರ್ ಹಾಕಿದ್ದೇನೆ, ಗುಡುಗಿದರೆ ಪ್ಲಗ್ಗೇ ಕಿತ್ತಿಡುತ್ತೇನೆ. ಮಳೆಗಾಲದ ಕೊನೆಗೆ ಪಿನ್ನಿನ ಅಂಚಲ್ಲಿ ಸಣ್ಣಗೆ ಹಸಿರು ಕಿಲುಬು ಕಂಡಿತು. ಪ್ಲಗ್ ಕಿತ್ತು, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ಪೂರ್ತಿ ಒಣಗಲು ಬಿಟ್ಟೆ, ಹೋಯ್ತು.

ಇನ್ನು ಟೈಪ್-ಸಿ. ಪೋರ್ಟಿನಲ್ಲಿ ಚಾರ್ಜ್ ಆಗುವ ಮಾಡೆಲ್ ನಿಮ್ಮದಾದರೆ 100 ವ್ಯಾಟಿನ ಪಿಡಿ (ಪವರ್ ಡೆಲಿವರಿ, ಟೈಪ್-ಸಿಯಲ್ಲಿ ಹೆಚ್ಚು ವ್ಯಾಟ್ ಕೊಡುವ ಪದ್ಧತಿ) ಚಾರ್ಜರ್ ಒಂದಿರಲಿ, ಶಿರಸಿಗೆ ಹೋಗುವಾಗ ನಾನು ಒಯ್ಯೋದು ಅದನ್ನೇ. ಎಕ್ಸೆಲ್, ಯೂಟ್ಯೂಬ್ ಎಲ್ಲ ನಡೆಯುತ್ತದೆ, ಗೇಮ್ ಮಾತ್ರ ಕೇಳಬೇಡಿ. 2021ರಲ್ಲಿ ಬಂದ ಪಿಡಿ 3.1 ಆವೃತ್ತಿಯಲ್ಲಿ 240 ವ್ಯಾಟ್ ತನಕ ಅವಕಾಶ ಇದೆ ನಿಜ, ಆದರೆ ಪೋರ್ಟ್ ಅಷ್ಟು ಎಳೆಯುವಂಥದ್ದಾಗಿರಬೇಕಲ್ವಾ?

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಳೆದದ್ದು ಬೆಲೆಗಲ್ಲ, ಲ್ಯಾಪ್‌ಟಾಪ್ ಕಡೆಯ ವೈರಿಗೆ. ಗಿಡ್ಡ, ಬಿರುಸು, ಪಿನ್ನಿನ ಬುಡದಲ್ಲಿ ಈಗಲೇ ಬಾಗಿ ನಿಂತಿದೆ.