ಬಿಲ್ಲಿಗೆ ಐದಕ್ಕೆ ಐದು, ಜೊತೆಗೆ ಬಂದ ಬಾಣಗಳಿಗೆ ಒಂದೂ ಇಲ್ಲ

ಈ ಬಿಲ್ಲು ನನ್ನ ಕೈಗೆ ಬಂದು ಹದಿನಾಲ್ಕು ತಿಂಗಳಾಯಿತು. ಮೂರು ತುಂಡಾಗಿ ಬಿಚ್ಚಿಡುವ ಮರದ ರಿಕರ್ವ್, ಅಂದರೆ ತುದಿಗಳು ಮುಂದಕ್ಕೆ ಬಾಗಿರುವ ಬಿಲ್ಲು. ಉದ್ದ 62 ಇಂಚು, ಹೆದೆ ಎಳೆಯಲು ಬೇಕಾದ ಬಲ 30 ಪೌಂಡ್. ಮಿಕ್ಕ ಅಳತೆಗಳನ್ನು ಮಾರುವವರ ಪುಟದಲ್ಲೇ ನೋಡಿರುತ್ತೀರಿ. ನಾನು ಬರೆಯಬೇಕೆಂದಿರುವುದು ಬಾಣಗಳ ಬಗ್ಗೆ. ಸೆಟ್ ಜೊತೆ ಬಂದ ಆರು ಬಾಣಗಳು ನನ್ನ ಐದು ತಿಂಗಳು ತಿಂದುಹಾಕಿದವು.

ಮೊದಲು ಬಿದಿರಿನ ಬಿಲ್ಲು ತಗೊಳ್ಳೋಣ ಅಂದುಕೊಂಡಿದ್ದೆ. ಅದು ಅಗ್ಗ. ನಮ್ಮ ದೇಶದ ಸ್ಪರ್ಧೆಗಳಲ್ಲಿ ಅದಕ್ಕೇ ಇಂಡಿಯನ್ ರೌಂಡ್ ಅಂತ ಒಂದು ವಿಭಾಗವೂ ಇದೆ. ಆದರೆ ಕೈ ಪಳಗಿದ ಮೇಲೆ ಹೆಚ್ಚು ಪೌಂಡಿಗೆ ಹೋಗಬೇಕೆಂದರೆ ಈ ರಿಕರ್ವ್‌ನಲ್ಲಿ ಎರಡು ರೆಕ್ಕೆ, ಅಂದರೆ ಹಿಡಿಯ ಮೇಲೆ ಕೆಳಗೆ ಇರುವ ಬಾಗುವ ತುಂಡುಗಳನ್ನು, ಬದಲಾಯಿಸಿದರೆ ಸಾಕು, ಹೊಸ ಬಿಲ್ಲು ಬೇಡ. ನನ್ನ ಸಂಬಳಕ್ಕೆ ಈ ಲೆಕ್ಕ ಸರಿಹೋಯಿತು. ಎಲ್ಲ ಸೇರಿ 9,500 ಕೊಟ್ಟೆ.

ಮೈಸೂರಿನ ನನ್ನ ಬಾಡಿಗೆ ಮನೆಯಲ್ಲಿ ಬಾಣ ಬಿಡುವಷ್ಟು ಜಾಗ ಇಲ್ಲ. ಹಾಗಾಗಿ ಭಾನುವಾರ ಬೆಳಿಗ್ಗೆ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಪಾಂಡವಪುರದ ಹತ್ತಿರ ಇರುವ ತಾತನ ಜಮೀನಿಗೆ ಹೋಗುತ್ತೇನೆ. ಗದ್ದೆಯ ಒಂದು ಕಡೆ ಆಳೆತ್ತರದ ತೆವರಿ ಇದೆ. ಅದಕ್ಕೆ ಒರಗಿಸಿ ನೆಲ್ಲುಹುಲ್ಲು ಬಿಗಿಯಾಗಿ ತುರುಕಿದ ಎರಡು ಗೋಣಿಚೀಲ ಇಟ್ಟಿದ್ದೇವೆ. ಗುರಿ ತಪ್ಪಿದರೆ ಬಾಣ ಮಣ್ಣಿಗೆ ಹೋಗಿ ನಿಲ್ಲುತ್ತದೆ.

ನಿಜ ಹೇಳಬೇಕೆಂದರೆ ನನ್ನ ಖುಷಿ ಶನಿವಾರ ರಾತ್ರಿಯೇ ಶುರುವಾಗುತ್ತದೆ. ಊಟ ಆದಮೇಲೆ ಹೆದೆಗೆ ಜೇನುಮೇಣ ಹಚ್ಚುತ್ತೇನೆ. ಹಚ್ಚಿ ಬಿಟ್ಟರೆ ಆಗಲಿಲ್ಲ, ಹೆಬ್ಬೆಟ್ಟು ಮತ್ತು ತೋರುಬೆರಳಿನ ನಡುವೆ ಹಿಡಿದು ಬೆರಳು ಬಿಸಿಯಾಗುವ ತನಕ ಉಜ್ಜಬೇಕು. ಆಗ ಮೇಣ ಕರಗಿ ಎಳೆಗಳ ಒಳಗೆ ಇಳಿಯುತ್ತದೆ. ರೂಮಿನಲ್ಲಿ ಸಣ್ಣಗೆ ಜೇನಿನ ವಾಸನೆ. ಬೆಳಿಗ್ಗೆ ಗದ್ದೆಯಲ್ಲಿ ಹೆದೆ ಏರಿಸುವ ಹಗ್ಗವನ್ನು ಬಿಲ್ಲಿನ ಎರಡು ತುದಿಗೂ ಸಿಕ್ಕಿಸಿ, ನಡುವೆ ಕಾಲಿಟ್ಟು, ಹಿಡಿಯನ್ನು ಮೇಲಕ್ಕೆ ಎತ್ತುತ್ತೇನೆ. ರೆಕ್ಕೆಗಳು ಮೆಲ್ಲಗೆ ಬಾಗುತ್ತವೆ. ಹೆದೆಯ ಕುಣಿಕೆ ಜಾರಿಕೊಂಡು ಹೋಗಿ ರೆಕ್ಕೆಯ ತುದಿಯ ಕಚ್ಚಿನಲ್ಲಿ ಕೂತಾಗ ಒಂದು ಸಣ್ಣ ಟಕ್ ಕೇಳುತ್ತದೆ. ಎರಡೂ ಕಡೆ ಸರಿಯಾಗಿ ಕೂತಿದೆಯಾ ಅಂತ ಬೆರಳಲ್ಲಿ ಮುಟ್ಟಿ ನೋಡುತ್ತೇನೆ. ಆಮೇಲೆ ಹಿಡಿಯಿಂದ ಹೆದೆಗೆ ಎಷ್ಟು ದೂರ ಎಂದು ಅಳೆಯುತ್ತೇನೆ. ಈ ಬಿಲ್ಲಿಗೆ 8 ಇಂಚು ಚೆನ್ನಾಗಿ ಹೊಂದುತ್ತದೆ. ಕಡಿಮೆ ಇದ್ದರೆ ಹೆದೆ ಬಿಚ್ಚಿ ನಾಲ್ಕೈದು ಸುತ್ತು ಹುರಿ ಹಾಕುತ್ತೇನೆ. ಸರಿಯಾದ ಅಳತೆಗೆ ಬಂದಾಗ ಬಾಣ ಬಿಟ್ಟ ಸದ್ದೇ ಬೇರೆ. ತುಂಬ ಮೆತ್ತಗೆ, ಕೈಗೆ ನಡುಕವೇ ಬರುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಬಾಣ ಗುರಿಗೆ ಹೋಗುತ್ತಿರಲಿಲ್ಲ. ಹತ್ತು ಮೀಟರ್‌ನಿಂದ ಬಿಟ್ಟರೂ ಒಂದು ಗೇಣು ಎಡಕ್ಕೆ. ಅದೂ ಸೊಟ್ಟಗೆ, ಬಾಲ ಅಲ್ಲಾಡಿಸಿಕೊಂಡು. ತಪ್ಪು ನನ್ನದೇ ಅಂದುಕೊಂಡೆ. ಮೊಣಕೈ ಎತ್ತಿ ನೋಡಿದೆ, ಇಳಿಸಿ ನೋಡಿದೆ. ಬಾಯಿಯ ಮೂಲೆಗೆ ತಾಗುತ್ತಿದ್ದ ಬೆರಳನ್ನು ಕೆನ್ನೆಗೆ ತಂದೆ. ಪಾದ ತಿರುಗಿಸಿದೆ. ಯಾವುದಕ್ಕೂ ಜಗ್ಗಲಿಲ್ಲ. ಒಂದು ಬಾಣ ಕಲ್ಲಿಗೆ ತಾಗಿ ಪಕ್ಕದ ಕಬ್ಬಿನ ಗದ್ದೆಗೆ ಹಾರಿತು. ಅರ್ಧ ದಿನ ಹುಡುಕಿದರೂ ಸಿಗಲಿಲ್ಲ. ನನಗೆ ಈ ವಿದ್ಯೆ ಒಲಿಯುವುದಿಲ್ಲ ಎಂದು ಬೇಜಾರಿನಲ್ಲಿ ಎರಡು ಭಾನುವಾರ ಊರಿಗೇ ಹೋಗಲಿಲ್ಲ.

ಮೂರನೆಯ ವಾರ ಹೋದಾಗ ತಾತ ಬದುವಿನ ಮೇಲೆ ಕೂತು ಒಂದು ಬಾಣ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

"ಇದೆಂಥ ಬಾಣನೋ ಮಗ, ಒಂದು ಗರಿನೂ ಇಲ್ವಲ್ಲ?"

"ಅದೇ ತಾತ ಗರಿ, ಈಗ ಪ್ಲಾಸ್ಟಿಕ್‌ದು ಬರುತ್ತೆ."

"ಗಟ್ಟಿ ಅದೆ ಕಣೋ. ಮರಕ್ಕೆ ತಾಗ್ಕಂಡು ಹೋಯ್ತದೆ, ನೋಡು ಬೇಕಾದ್ರೆ."

ನೋಡಿದೆ. ಹಿಡಿಯ ಮೇಲೆ ಬಾಣ ಕೂರುವ ಮೆಟ್ಟಿಲಿನ ಬದಿಯಲ್ಲಿ ಹಳದಿ ಗೀರುಗಳು, ಒಂದರ ಮೇಲೊಂದು. ನನ್ನ ಬಾಣದ ಪ್ಲಾಸ್ಟಿಕ್ಕಿನ ಬಣ್ಣವೂ ಹಳದಿ. ಐದು ತಿಂಗಳು ಕಣ್ಣ ಮುಂದೆಯೇ ಇತ್ತು.

ವಿಷಯ ಇಷ್ಟು. ಈಗಿನ ಸ್ಪರ್ಧೆಯ ಬಿಲ್ಲುಗಳಲ್ಲಿ ಬಾಣಕ್ಕೆ ಬೇರೆಯೇ ಒಂದು ತೆಳು ತಂತಿಯ ಆಸರೆ ಇರುತ್ತದೆ, ಪ್ಲಾಸ್ಟಿಕ್ ಎಲ್ಲೂ ತಾಗದೆ ಹೋಗುತ್ತದೆ. ನಮ್ಮಂಥ ಬಿಲ್ಲಿನಲ್ಲಿ ಬಾಣ ಮರದ ಮೇಲೇ ಕೂರುತ್ತದೆ. ಹಕ್ಕಿಯ ಗರಿ ಆದರೆ ಮರಕ್ಕೆ ತಾಗಿದಾಗ ಮಡಚಿಕೊಂಡು ಮತ್ತೆ ಎದ್ದು ನಿಲ್ಲುತ್ತದೆ. ಪ್ಲಾಸ್ಟಿಕ್ ಮಡಚುವುದಿಲ್ಲ, ಬಾಣದ ಬಾಲವನ್ನೇ ಆಚೆ ತಳ್ಳುತ್ತದೆ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಬಾಣದ ಮೇಲೆ 400 ಅಂತ ಬರೆದಿತ್ತು. ಅದು ಸ್ಪೈನ್, ಅಂದರೆ ಕಡ್ಡಿ ಎಷ್ಟು ಬಗ್ಗುತ್ತದೆ ಎಂಬ ಅಳತೆ. 28 ಇಂಚು ಅಂತರದ ಎರಡು ಆಸರೆಗಳ ಮೇಲೆ ಕಡ್ಡಿ ಇಟ್ಟು, ನಡುವೆ 880 ಗ್ರಾಂ ತೂಕ ನೇತುಹಾಕುತ್ತಾರೆ. ಅರ್ಧ ಇಂಚು ಬಗ್ಗಿದರೆ ಅದು 500. ನಂಬರ್ ಜಾಸ್ತಿ ಆದಷ್ಟೂ ಬಾಣ ಮೆದು. ಬಾಣ ಕೂರುವುದು ಬಿಲ್ಲಿನ ಪಕ್ಕದಲ್ಲಿ, ಹೆದೆ ತಳ್ಳುವುದು ನಡುವಿನಿಂದ. ಆದ್ದರಿಂದ ಬಾಣ ಹಾವಿನ ಹಾಗೆ ಬಳುಕಿ ಬಿಲ್ಲನ್ನು ಬಳಸಿಕೊಂಡು ಹೋಗಿ, ಆಮೇಲೆ ನೇರ ಆಗಬೇಕು. ಗಡುಸಾದ ಬಾಣ ಬಳುಕುವುದಿಲ್ಲ. ಬಲಗೈಯಲ್ಲಿ ಹೆದೆ ಎಳೆಯುವವರಿಗೆ ಅದು ಎಡಕ್ಕೇ ಹೋಗುತ್ತದೆ. 400 ಎಂದರೆ 45–50 ಪೌಂಡಿನ ಬಿಲ್ಲಿಗೆ ಆಗುವಂಥದ್ದು. ನನ್ನ ಬಿಲ್ಲಿನ 30 ಪೌಂಡ್ ಕೂಡ 28 ಇಂಚು ಎಳೆದಾಗಿನ ಲೆಕ್ಕ. ನನ್ನ ಎಳೆತ 27 ಇಂಚು, ಅಂದರೆ ಹೆಚ್ಚುಕಮ್ಮಿ 28 ಪೌಂಡ್.

ಮಾರಿದವರಿಗೆ ಫೋನ್ ಮಾಡಿದೆ. "ಹೊಸಬರಿಗೆ ಇದೆಲ್ಲ ಗೊತ್ತಾಗಲ್ಲ ಸರ್, ಅಭ್ಯಾಸ ಮಾಡಿ" ಅಂದರು. ಈ ಮಾತಿಗೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಹೊಸಬರಿಗೆ ಗೊತ್ತಾಗುವುದಿಲ್ಲ ಎಂದೇ ಅಲ್ವಾ ಸರಿಯಾದ್ದನ್ನು ಕೊಡಬೇಕಾದ್ದು? ಹಳಬರು ಎರಡು ಬಾಣ ಬಿಟ್ಟ ಕೂಡಲೇ ಕಂಡುಹಿಡಿಯುತ್ತಾರೆ. ಹೊಸಬರು ತಮ್ಮನ್ನೇ ಬೈದುಕೊಂಡು ಬಿಲ್ಲನ್ನು ಅಟ್ಟಕ್ಕೆ ಹಾಕುತ್ತಾರೆ.

ಬೇರೆ ಕಡೆಯಿಂದ 800 ಸ್ಪೈನಿನ, ನಿಜವಾದ ಗರಿ ಅಂಟಿಸಿದ ಆರು ಬಾಣ ತರಿಸಿದೆ. 3,900 ರೂಪಾಯಿ ಕೈಬಿಟ್ಟಿತು. ಒಂದು ಬಾಣದ ಗರಿ ಬಿಚ್ಚಿ ಬರೀ ಕಡ್ಡಿಯನ್ನೂ ಬಿಟ್ಟು ನೋಡಿದೆ. ಗರಿ ಇರುವ ಬಾಣಗಳ ಪಕ್ಕದಲ್ಲೇ ಹೋಗಿ ಕೂತಿತು. ಗಡುಸಾಗಿದ್ದರೆ ಅದು ಎಡಕ್ಕೆ ಬೀಳುತ್ತಿತ್ತು. ಅವತ್ತು ಸಂಜೆಯ ತನಕ ಬಿಲ್ಲು ಕೆಳಗಿಡಲಿಲ್ಲ. ಮೊಣಕೈ, ಬೆರಳು, ಪಾದ ಎಲ್ಲ ಮೊದಲಿನ ಹಾಗೇ ಇತ್ತು. ಬಾಣ ಮಾತ್ರ ನೇರ ಹೋಗುತ್ತಿತ್ತು.

ಬಿಲ್ಲಿನ ಮೇಲೆ ನನಗೆ ಒಂದೇ ಒಂದು ದೂರಿಲ್ಲ. ರೆಕ್ಕೆಗಳು ಸೊಟ್ಟಗಾಗಿಲ್ಲ, ಅಂಟು ಬಿಟ್ಟಿಲ್ಲ. ಬಿಸಿಲಲ್ಲಿ ನಿಂತ ಕಾರಿನೊಳಗೆ ಮಾತ್ರ ಒಂದು ದಿನವೂ ಬಿಟ್ಟಿಲ್ಲ. ಚಿಕ್ಕಪ್ಪನ ಮಕ್ಕಳು ಬಂದಾಗ ಬಾಣ ಇಲ್ಲದೆ ಹೆದೆ ಎಳೆದು ಬಿಡಲು ಯಾರಿಗೂ ಕೊಡುವುದಿಲ್ಲ. ಹಾಗೆ ಬಿಟ್ಟರೆ ಬಾಣಕ್ಕೆ ಹೋಗಬೇಕಾದ ಬಲವೆಲ್ಲ ರೆಕ್ಕೆಗೇ ಬಡಿದು ಬಿಲ್ಲು ಸೀಳಬಹುದು. ಆಯುಧ ಪೂಜೆಯ ದಿನ ಅಮ್ಮ ಸ್ಕೂಟರ್ ಪಕ್ಕದಲ್ಲಿ ಇದನ್ನೂ ಇಟ್ಟು ಕುಂಕುಮ ಹಚ್ಚಿ, ಚೆಂಡುಹೂ ಮುಡಿಸಿದರು. ಹಿಡಿಯ ಮರದ ಗೆರೆಗಳಲ್ಲಿ ಆ ಕೆಂಪು ಇನ್ನೂ ಸ್ವಲ್ಪ ಇದೆ. ಒರೆಸಲು ಮನಸ್ಸಾಗಿಲ್ಲ.

ಈ ಸೆಟ್ ತಗೊಳ್ಳುವುದಾದರೆ ಬಿಲ್ಲು ಮಾತ್ರ ಕೊಡಿ ಎಂದು ಕೇಳಿ. ನಿಮ್ಮ ಎಳೆತ ಎಷ್ಟು ಇಂಚು ಅಂತ ಅಳೆದು ಹೇಳಿ, ಅದಕ್ಕೆ ಹೊಂದುವ ಸ್ಪೈನಿನ, ಗರಿ ಇರುವ ಬಾಣ ಬೇರೆಯಾಗಿ ತರಿಸಿ. ಅವರು ಬೆಲೆ ಇಳಿಸದಿದ್ದರೆ ಒಟ್ಟು 13,400 ಆಗುತ್ತದೆ ಅಂತಲೇ ಮೊದಲು ಲೆಕ್ಕ ಹಾಕಿಕೊಳ್ಳಿ. ಅಷ್ಟು ಕೈಯಲ್ಲಿ ಇಲ್ಲದಿದ್ದರೆ ಎರಡು ತಿಂಗಳು ತಡೆದು ತಗೊಳ್ಳಿ. ಕಳೆದುಹೋದ ಆ ಹಳದಿ ಬಾಣ ಕಬ್ಬು ಕಡಿದಾಗ ಸಿಕ್ಕಿತು. ಈಗ ತಾತ ಅದಕ್ಕೆ ಸೀಮೆಬದನೆ ಬಳ್ಳಿ ಹಬ್ಬಿಸಿದ್ದಾರೆ.