ಥೆರಪಿ ಸೆಂಟರ್, ಸರ್ಕಾರಿ ಆಸ್ಪತ್ರೆ, ಮನೆಗೆ ಬರುವವರು, ಪೋಷಕರ ಗುಂಪು: ನಮ್ಮ ಮನೆಗೆ ಯಾವುದು ಒದಗಿತು?

ಮಗುವಿಗೆ ಆಟಿಸಂ ಇದೆ ಅಂತ ಗೊತ್ತಾದ ಮರುದಿನದಿಂದಲೇ ಬೆಂಗಳೂರಿನಲ್ಲಿ ಎಲ್ಲರೂ ಹೇಳುವುದು ಒಂದೇ ಮಾತು: ತಡ ಮಾಡಬೇಡಿ, ಥೆರಪಿಗೆ ಹಾಕಿ. ಎಲ್ಲಿಗೆ ಅಂತ ಕೇಳಿದರೆ ಮಾತ್ರ ಒಬ್ಬೊಬ್ಬರದು ಒಂದೊಂದು ದಿಕ್ಕು. ನಮ್ಮ ಮಗನಿಗೆ ಈಗ ಎಂಟು ವರ್ಷ. ಮನೆ ನಾಗರಬಾವಿ. ನಾನು, ನಮ್ಮನೆಯವರು, ಅತ್ತೆ, ಹೈಸ್ಕೂಲಿಗೆ ಹೋಗುವ ಮಗಳು. ಈ ನಾಲ್ಕು ದಾರಿಯನ್ನೂ ನೋಡಿಯಾಗಿದೆ, ಒಂದೊಂದಕ್ಕೂ ದುಡ್ಡು ಕೊಟ್ಟೋ ರಜೆ ಹಾಕಿಯೋ ಬೆಲೆ ತೆತ್ತಿದ್ದೇವೆ.

ಸೆಂಟರಿನ ಒಳಗೆ ಅವನು ಏನು ಕಲಿತ ಅನ್ನುವುದರ ಮೇಲೆ ನಾನು ಇವನ್ನು ತೂಗುವುದಿಲ್ಲ. ಅಲ್ಲಿ ಅವನು ಇರುತ್ತಿದ್ದುದು ವಾರದಲ್ಲಿ ಎರಡು ಮೂರು ಗಂಟೆ. ಮಿಕ್ಕ ಹೊತ್ತೆಲ್ಲ ನಮ್ಮ ಜೊತೆ. ಹಾಗಾಗಿ ನಾನು ನೋಡುವುದು, ಅಲ್ಲಿಂದ ಬಂದ ಸಂಜೆ ನಮ್ಮ ಅಡುಗೆಮನೆಯಲ್ಲಿ, ಹಾಲ್‌ನಲ್ಲಿ ಏನಾದರೂ ಬದಲಾಯಿತೇ ಅಂತ.

ಮೊದಲು ಖಾಸಗಿ ಸೆಂಟರ್. ಈಗ ಏರಿಯಾಗೆ ಮೂರು ನಾಲ್ಕು ಇವೆ, ಕೆಳಗೆ ಮೆಡಿಕಲ್ ಶಾಪ್, ಮೇಲೆ ಥೆರಪಿ. ನಾವು ಕೊಟ್ಟಿದ್ದು ಮುಕ್ಕಾಲು ಗಂಟೆಗೆ 800ರಿಂದ 1,200 ರೂಪಾಯಿ. ವಾರಕ್ಕೆ ನಾಲ್ಕು ಸೆಷನ್ ಅಂದರೆ ತಿಂಗಳಿಗೆ ಎಷ್ಟಾಗುತ್ತದೆ ಅಂತ ನೀವೇ ಲೆಕ್ಕ ಹಾಕಿ. ಒಳ್ಳೆಯದನ್ನು ಮೊದಲು ಹೇಳುತ್ತೇನೆ: ಹತ್ತಿರ, ಸಮಯಕ್ಕೆ ಸರಿಯಾಗಿ ಶುರು, ಉಯ್ಯಾಲೆ, ಬಾಲ್ ಪೂಲ್ ಎಲ್ಲ ಇತ್ತು. ಅಲ್ಲಿನ ಥೆರಪಿಸ್ಟ್ ಹುಡುಗಿಯರು ಮಗನನ್ನು ನಿಜವಾಗಿ ಪ್ರೀತಿಯಿಂದ ನೋಡಿಕೊಂಡರು. ಪ್ರತಿ ಸಲ ಅದೇ ಹೊತ್ತಿಗೆ ಅದೇ ಜಾಗಕ್ಕೆ ಹೋಗುವುದೇ ಅವನಿಗೆ ದೊಡ್ಡ ನೆಮ್ಮದಿ.

ಆದರೆ ಬಾಗಿಲು ಮುಚ್ಚಿರುತ್ತಿತ್ತು. ನಾನು ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಒಳಗೆ ಏನು ನಡೆಯುತ್ತಿದೆ ಅಂತ ಗೊತ್ತಿಲ್ಲ. ಕೊನೆಯ ಐದು ನಿಮಿಷ 'ಪೇರೆಂಟ್ ಫೀಡ್‌ಬ್ಯಾಕ್', ಅಂದರೆ ಪುಸ್ತಕದಲ್ಲಿ ಒಂದು ಸಾಲು: ಇವತ್ತು ಚೆನ್ನಾಗಿ ಕೂತಿದ್ದ. ಎಲ್ಲಿ ಕೂತಿದ್ದ, ಯಾಕೆ ಕೂತಿದ್ದ, ಮನೆಯಲ್ಲಿ ಊಟಕ್ಕೆ ಕೂರಿಸಲು ನಾನೇನು ಮಾಡಲಿ, ಅದು ಅದರಲ್ಲಿ ಇರಲಿಲ್ಲ. ಒಬ್ಬರ ಕೈಗೆ ಅವನು ಹೊಂದಿಕೊಂಡ ಅನ್ನುವಷ್ಟರಲ್ಲಿ ಥೆರಪಿಸ್ಟ್ ಕೆಲಸ ಬಿಟ್ಟಿರುತ್ತಾರೆ, ಮತ್ತೆ ಮೊದಲಿಂದ.

ಇನ್ನೊಂದು ಮಾತು ಇವತ್ತಿಗೂ ನನಗೆ ಸಿಟ್ಟು ತರಿಸುತ್ತದೆ. ಮಾತು ಬರುವ ತನಕ ಮನೆಯಲ್ಲಿ ಒಂದೇ ಭಾಷೆ ಇರಲಿ, ಅದು ಇಂಗ್ಲಿಷ್ ಆದರೆ ಶಾಲೆಗೂ ಆಯಿತು ಅಂತ ಸೆಂಟರಿನವರು ಅಂದರು. ಇದನ್ನು ಕೇಳಿದ ನಮ್ಮ ಅತ್ತೆ ಮೊಮ್ಮಗನ ಜೊತೆ ಮಾತಾಡುವುದನ್ನೇ ನಿಲ್ಲಿಸಿಬಿಟ್ಟರು. "ನನ್ನಿಂದ ಅವನಿಗೆ ತೊಂದರೆ ಆಗೋದು ಬೇಡಮ್ಮ" ಅಂತ ರೂಮಿಗೆ ಹೋಗಿ ಕೂರುತ್ತಿದ್ದರು. ಎರಡು ಭಾಷೆ ಕಿವಿಗೆ ಬಿದ್ದರೆ ಆಟಿಸಂ ಇರುವ ಮಗುವಿಗೆ ಮಾತು ತಡವಾಗುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಈ ಬಗ್ಗೆ ನಡೆದ ಅಧ್ಯಯನಗಳಲ್ಲಿ ಎರಡು ಭಾಷೆಯಿಂದ ಹೆಚ್ಚಿನ ತಡ ಕಂಡಿಲ್ಲ. ದುಡ್ಡು ಕೊಟ್ಟು ಮನೆಯಿಂದ ಒಬ್ಬರ ಮಾತನ್ನು ಕಳೆದುಕೊಂಡ ಹಾಗಾಯಿತು.

ಅದನ್ನು ಸರಿ ಮಾಡಿದ್ದು ಸರ್ಕಾರಿ ಆಸ್ಪತ್ರೆಯ ಸ್ಪೀಚ್ ಥೆರಪಿಸ್ಟ್. "ಅಜ್ಜಿ ಕಥೆ ಹೇಳ್ತಾರಾ? ಹೇಳಲಿ ಬಿಡಿ, ಅದಕ್ಕಿಂತ ಬೇಕಾ" ಅಂದರು, ಅಷ್ಟೇ.

ಸರ್ಕಾರಿ ಆಸ್ಪತ್ರೆಯ ಕಷ್ಟ ಎಲ್ಲರಿಗೂ ಗೊತ್ತಿರುವುದೇ. ಬೆಳಿಗ್ಗೆ ಟೋಕನ್, ಮಧ್ಯಾಹ್ನದ ತನಕ ಕಾಯುವುದು, ಸದ್ದಿಗೆ ಬೆದರುವ ಮಗುವನ್ನು ಆ ಜನಜಂಗುಳಿಯಲ್ಲಿ ಹಿಡಿದುಕೊಂಡಿರುವುದು. ನಮ್ಮನೆಯವರಿಗೆ ಪ್ರತಿ ಸಲ ಒಂದು ರಜೆ. ಮುಂದಿನ ತಾರೀಕು ವಾರಗಟ್ಟಲೆ ಆಚೆ. ವಾರಕ್ಕೆ ನಾಲ್ಕು ಸೆಷನ್ ಅನ್ನುವ ಮಾತೇ ಇಲ್ಲಿ ಇಲ್ಲ. ಖರ್ಚು ಮಾತ್ರ ಹೆಸರಿಗೆ.

ಆದರೂ ನನ್ನ ಲೆಕ್ಕದಲ್ಲಿ ಮನೆ ಬದಲಾಗಿದ್ದು ಇಲ್ಲಿಂದ. ಪದೇ ಪದೇ ಕರೆಸಲು ಆಗುವುದಿಲ್ಲವಲ್ಲ, ಹಾಗಾಗಿ ಕಲಿಸುವುದನ್ನೆಲ್ಲ ನಮಗೇ ಕಲಿಸುತ್ತಾರೆ. ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗದಲ್ಲಿ ಮಗುವನ್ನು ದಾಖಲು ಮಾಡಿದರೆ ಮನೆಯವರು ಜೊತೆಗೇ ಇರಬೇಕು ಅನ್ನುವ ಪದ್ಧತಿ ಇದೆ. ಅದರ ಹಿಂದೆ ಇರುವುದೂ ಇದೇ ವಿಚಾರ.

ಒಂದು ಉದಾಹರಣೆ. ಮಿಕ್ಸಿ ಹಾಕಿದರೆ ಮಗ ಕಿವಿ ಮುಚ್ಚಿಕೊಂಡು ಬಚ್ಚಲಿಗೆ ಓಡುತ್ತಿದ್ದ. ಅವನು ನಿದ್ದೆಯಲ್ಲಿದ್ದಾಗ ಚಟ್ನಿ ರುಬ್ಬಿ ಫ್ರಿಜ್ಜಿಗಿಡುವುದು ನಮ್ಮ ಅಭ್ಯಾಸವೇ ಆಗಿಹೋಗಿತ್ತು. ಅಲ್ಲಿನ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ಅಭ್ಯಾಸ ಮಾಡಿಸುವವರು) ಹೇಳಿದರು, "ಸದ್ದನ್ನ ಮುಚ್ಚಿಡಬೇಡಿ, ಸ್ವಿಚ್ಚು ಅವನ ಕೈಗೆ ಕೊಡಿ. ಒಂದು, ಎರಡು, ಮೂರು ಅಂತ ನೀವು ಎಣಿಸಿ, ಅವನೇ ತಿರುಗಿಸಲಿ, ಸಾಕು ಅನಿಸಿದಾಗ ಅವನೇ ನಿಲ್ಲಿಸಲಿ." ಸದ್ದು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಅಂತ ಗೊತ್ತಿಲ್ಲದೆ ಬರುವ ಭಯವೇ ಜಾಸ್ತಿಯಂತೆ. ಮೊದಲು ಅರೆಕ್ಷಣ ತಿರುಗಿಸಿ ಓಡಿಹೋಗುತ್ತಿದ್ದ. ಈಗ ಮೂರು ಅನ್ನುವುದಕ್ಕೆ ಮುಂಚೆಯೇ ತಿರುಗಿಸುತ್ತಾನೆ, ತೆಂಗಿನಕಾಯಿ ಅರ್ಧ ನುರಿದಾಗಲೇ ನಿಲ್ಲಿಸುತ್ತಾನೆ. ನಮ್ಮನೆ ಚಟ್ನಿ ತರಿತರಿ, ನಮಗೇನೂ ಬೇಜಾರಿಲ್ಲ.

ಇನ್ನೊಂದನ್ನು ಕಲಿತಿದ್ದು ಆಸ್ಪತ್ರೆಯ ಸಾಲಿನಲ್ಲಿ, ಸಿರುಗುಪ್ಪ ಕಡೆಯಿಂದ ಬಂದಿದ್ದ ಒಬ್ಬ ತಾಯಿಯಿಂದ. ಬಿಸ್ಕೆಟ್ ಪೊಟ್ಟಣದ ಮುಂಭಾಗ, ಹಾಲಿನ ಪ್ಯಾಕೆಟ್ಟಿನ ತುಂಡು, ಇಂಥವನ್ನು ರಟ್ಟಿಗೆ ಅಂಟಿಸಿ ದಾರದಲ್ಲಿ ಪೋಣಿಸಿದ್ದರು. ಮಗು ಬೇಕಾದ್ದನ್ನು ಎಳೆದು ತೋರಿಸುತ್ತಿತ್ತು. ಸೆಂಟರಿನ ಚಿತ್ರದ ಕಾರ್ಡುಗಳಲ್ಲಿ ಗಾಜಿನ ಲೋಟದಲ್ಲಿ ಕಿತ್ತಳೆ ಜ್ಯೂಸು ಇತ್ತು; ನಮ್ಮ ಮಗ ಕುಡಿಯುವುದು ಸ್ಟೀಲ್ ಲೋಟದಲ್ಲಿ ಹಾಲು. ನಾವು ನಮ್ಮ ಲೋಟ, ನಮ್ಮ ಬಚ್ಚಲ ಬಾಗಿಲು, ಅಜ್ಜಿ, ಅಕ್ಕ ಎಲ್ಲರ ಫೋಟೊ ತೆಗೆದು ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಟ್ ಮಾಡಿಸಿದೆವು. ಆಮೇಲೆ ಅವನು ಕೈ ಹಿಡಿದು ಎಳೆಯುವುದು, ಅಳುವುದು ಎಷ್ಟೋ ಕಮ್ಮಿಯಾಯಿತು.

ಮತ್ತೆ, ಇಡೀ ಬೆಂಗಳೂರಿನಲ್ಲಿ "ನೀವು ರಾತ್ರಿ ಎಷ್ಟು ಹೊತ್ತು ಮಲಗ್ತೀರಿ?" ಅಂತ ನನ್ನನ್ನು ಕೇಳಿದ್ದು ಅಲ್ಲಿನ ಸೋಷಿಯಲ್ ವರ್ಕರ್ ಒಬ್ಬರೇ.

ಅಂಗವೈಕಲ್ಯದ ಸರ್ಟಿಫಿಕೇಟ್ ಬೇಕಿದ್ದರೂ ಸರ್ಕಾರಿ ಬಾಗಿಲೇ. ಆಟಿಸಂಗೆ 'ಇಸಾ' ಅನ್ನುವ ಭಾರತದ್ದೇ ಅಳತೆಪಟ್ಟಿ ಇದೆ: 40 ಅಂಶ, ಒಂದೊಂದಕ್ಕೂ 1ರಿಂದ 5 ಅಂಕ, ಒಟ್ಟು 70 ಅಥವಾ ಹೆಚ್ಚು ಬಂದರೆ ಆಟಿಸಂ. ಅದರ ಮೇಲೆ ಅಂಗವೈಕಲ್ಯದ ಶೇಕಡಾವಾರು ಹಾಕುತ್ತಾರೆ. ಶೇ. 40 ಅಥವಾ ಹೆಚ್ಚು ಇದ್ದರೆ ಮುಂದಿನ ಸೌಲಭ್ಯಗಳ ಬಾಗಿಲು ತೆರೆಯುತ್ತದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು ಬರುವುದೂ ಸರ್ಟಿಫಿಕೇಟಿನ ದಾರಿಯಲ್ಲೇ. ಸರ್ಟಿಫಿಕೇಟ್ ಮಾಡಿಸಿದರೆ ಮಗುವಿಗೆ ಹಣೆಪಟ್ಟಿ ಅಂಟುತ್ತದೆ ಅಂತ ಮುಂದಕ್ಕೆ ಹಾಕುವವರು ತುಂಬ. ಹಣೆಪಟ್ಟಿಯನ್ನು ಮದುವೆ ಮನೆಗಳಲ್ಲಿ ಯಾವತ್ತೋ ಅಂಟಿಸಿ ಆಗಿರುತ್ತದೆ, ಕಾಗದವಾದರೂ ಕೈಯಲ್ಲಿರಲಿ.

ಮನೆಗೆ ಬರುವ ಥೆರಪಿಸ್ಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಂಟೆಗೆ ಸೆಂಟರಿಗಿಂತ ದುಬಾರಿ, ಆದರೆ ರಿಂಗ್ ರೋಡ್ ಟ್ರಾಫಿಕ್ಕಿನ ಕಾಟ ಮಗುವಿಗಿಲ್ಲ. ನಮ್ಮ ಮನೆ, ನಮ್ಮ ಊಟದ ತಟ್ಟೆ, ನಮ್ಮ ಟಿವಿ, ಅಲ್ಲೇ ಕಲಿಸುತ್ತಾರೆ, ಅತ್ತೆಗೂ ಕಲಿಸಿದರು. ಆದರೆ ಬರುವವರು ಮಳೆ ಬಂದರೆ ಬರುವುದಿಲ್ಲ, ಮನೆಯೇ ಕ್ಲಾಸ್‌ರೂಮ್ ಆದರೆ ಮಗಳಿಗೆ ಹಾಲ್‌ನಲ್ಲಿ ಕೂತು ಓದಲು ಜಾಗವಿಲ್ಲ. ಸ್ಪೀಚ್ ಥೆರಪಿಸ್ಟ್, ವಿಶೇಷ ಶಿಕ್ಷಕರು ಯಾರೇ ಬಂದರೂ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಸಂಖ್ಯೆ ಕೇಳಿ. 1992ರ ಕಾಯ್ದೆ ಪ್ರಕಾರ ಅದು ಇರಲೇಬೇಕು. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಅಲ್ಲಿಗೇ ಬಿಡಿ.

ನಾಲ್ಕನೆಯದು ಪೋಷಕರ ಗುಂಪು. ಭಾನುವಾರ ಬೆಳಿಗ್ಗೆ ಪಾರ್ಕಿನಲ್ಲಿ ಜಮಖಾನ ಹಾಸಿ ಕೂರುತ್ತೇವೆ, ಮನೆಯಿಂದ ತಂದ ಚಿತ್ರಾನ್ನ, ಫ್ಲಾಸ್ಕಿನಲ್ಲಿ ಕಾಫಿ. ಇಲ್ಲಿ ಯಾರೂ ಮಗನಿಗೆ ಏನೂ ಕಲಿಸುವುದಿಲ್ಲ. ಅವನು ಕೈ ಬಡಿದುಕೊಂಡು ಓಡಿದರೆ ಯಾರೂ ತಿರುಗಿ ನೋಡುವುದೂ ಇಲ್ಲ. ಸೆಂಟರಿಗೂ ಆಸ್ಪತ್ರೆಗೂ ನಮ್ಮನೆಯವರು ಡ್ರೈವರ್ ಅಷ್ಟೇ ಆಗಿದ್ದರು. ಬಾಯಿ ಬಿಟ್ಟಿದ್ದು ಇಲ್ಲಿ, ಬೇರೆ ಅಪ್ಪಂದಿರ ಜೊತೆ. ಮಗಳಿಗೆ ಇಂಥದೇ ತಮ್ಮ, ತಂಗಿ ಇರುವ ಇಬ್ಬರು ಗೆಳತಿಯರು ಸಿಕ್ಕಿದರು. "ನನ್ನ ತಮ್ಮನೂ ನೋಟ್ಸ್ ಹರಿದು ಹಾಕ್ತಾನೆ" ಅಂತ ನಗುವುದಕ್ಕೆ ಅವಳಿಗೆ ಬೇರೆ ಜಾಗ ಇರಲಿಲ್ಲ.

ದುಡ್ಡಿನ ವಿಷಯವೂ ಇಲ್ಲೇ ತಿಳಿದಿದ್ದು. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ 'ನಿರಾಮಯ' ಆರೋಗ್ಯ ವಿಮೆ: ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ, ಬಹು ಅಂಗವೈಕಲ್ಯ ಇರುವವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿ ತನಕ, ಥೆರಪಿ ಖರ್ಚಿಗೂ ಒಂದು ಮಿತಿಯವರೆಗೆ ಸಿಗುತ್ತದೆ. ಬಿಲ್ಲು ಜೋಪಾನ ಮಾಡಬೇಕು. ಹಳೇ ಆದಾಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಇಂಥ ಮಗುವಿನ ಪಾಲನೆಗೆ ಅಂತ ತೆರಿಗೆ ಲೆಕ್ಕದ ಆದಾಯದಲ್ಲಿ 75,000 ರೂಪಾಯಿ ಕಡಿತ, ಅಂಗವೈಕಲ್ಯ ಶೇ. 80 ಅಥವಾ ಹೆಚ್ಚು ಇದ್ದರೆ 1.25 ಲಕ್ಷ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ 6ರಿಂದ 18 ವರ್ಷದ ತನಕ ಉಚಿತ ಶಿಕ್ಷಣ. ಹದಿನೆಂಟು ತುಂಬಿದ ಮೇಲೆ ಅಪ್ಪ ಅಮ್ಮ ಕೂಡ ಜಿಲ್ಲಾಧಿಕಾರಿಗಳ ಸಮಿತಿ ಮುಂದೆ ಪೋಷಕತ್ವಕ್ಕೆ ಅರ್ಜಿ ಹಾಕಬೇಕು ಅನ್ನುವುದನ್ನು ನನಗೆ ಯಾವ ಡಾಕ್ಟರೂ ಹೇಳಿರಲಿಲ್ಲ.

ಗುಂಪಿನ ದೋಷ ಅಂದರೆ ಅಲ್ಲಿ ಎಲ್ಲರೂ ವೈದ್ಯರು. ಒಬ್ಬರು ಗೋಧಿ ಬಿಡಿಸಿ ಅನ್ನುತ್ತಾರೆ, ಒಬ್ಬರು ಒಂಟೆ ಹಾಲು ಅನ್ನುತ್ತಾರೆ. ಲಕ್ಷಗಟ್ಟಲೆ ಸುರಿದು ಸ್ಟೆಮ್ ಸೆಲ್ (ಆಕರ ಕೋಶ) ಚಿಕಿತ್ಸೆ ಮಾಡಿಸಿ ಅಂದವರೂ ಇದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲಿ ಆಟಿಸಂಗೆ ಸ್ಟೆಮ್ ಸೆಲ್ ಅನ್ನುವುದು ಒಪ್ಪಿತ ಚಿಕಿತ್ಸೆಯೇ ಅಲ್ಲ. ಹೊಲ ಮಾರಿ ಮಾಡಿಸಲು ಹೊರಟವರನ್ನು ಕಂಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಈಗ ನಮ್ಮದು ಹೀಗಿದೆ: ಸೆಂಟರಿಗೆ ವಾರಕ್ಕೊಂದೇ ಆಕ್ಯುಪೇಷನಲ್ ಥೆರಪಿ ಸೆಷನ್, ಅದೂ ನಾನು ಒಳಗೆ ಕೂರುವ ಷರತ್ತಿನ ಮೇಲೆ. ಸರ್ಕಾರಿ ಆಸ್ಪತ್ರೆಗೆ ಕೆಲವು ತಿಂಗಳಿಗೊಮ್ಮೆ. ಗುಂಪು ತಪ್ಪಿಸುವುದಿಲ್ಲ. ಮನೆಗೆ ಬರುವವರನ್ನು ಬಿಟ್ಟಿದ್ದೇವೆ.

ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ಸೆಂಟರ್ ಬಿಟ್ಟು ನಡೆಯುವುದಿಲ್ಲ, ಅದು ನನಗೂ ಗೊತ್ತು. ಹಾಗಿದ್ದರೆ ಸೇರಿಸುವ ಮುಂಚೆ ಕೇಳಿ: ವಾರಕ್ಕೊಮ್ಮೆಯಾದರೂ ನಮ್ಮನ್ನು ಒಳಗೆ ಬಿಡುತ್ತೀರಾ, ಅಜ್ಜಿ ಬಂದರೆ ಅವರಿಗೆ ಕನ್ನಡದಲ್ಲಿ ಹೇಳಿಕೊಡುತ್ತೀರಾ, ಥೆರಪಿಸ್ಟ್ ಬಿಟ್ಟುಹೋದರೆ ಹೊಸಬರಿಗೆ ನಮ್ಮ ಮುಂದೆಯೇ ವಹಿಸಿಕೊಡುತ್ತೀರಾ. ಮೂರು ತಿಂಗಳ ಅಡ್ವಾನ್ಸ್ ಕೇಳಿದರೆ ಒಂದು ತಿಂಗಳದ್ದು ಕೊಡುತ್ತೇವೆ ಅನ್ನಿ. ಸುಮಾರು ಕಡೆ ಒಪ್ಪುತ್ತಾರೆ.